ಲೀಡರ್ ತಯಾರಿಸಿದ ದಣಿವು

ನನಗೆ ದಣಿವಾಗಿದೆ ಎಂದು ಯಾರ ಮುಂದೆ ಹೇಳಿಕೊಂಡರೂ ಅವರು ಮೊದಲು ಕೇಳುವುದು ಶುಗರ್ ಚೆಕ್ ಮಾಡಿಸಿದಿರಾ ಎಂದು. ಮಾಡಿಸಿದ್ದೇನೆ. ಶುಗರ್ ಇಲ್ಲ. ಬಿಪಿ ಇದೆ, ಆದರೆ ಅದು ದಿನಕ್ಕೊಂದು ಮಾತ್ರೆ ತಿಂದುಕೊಂಡು ಯಾರ ತಂಟೆಗೂ ಹೋಗದೆ ಇದೆ. ಥೈರಾಯ್ಡ್ ಇರಬಹುದು ಎಂದು ಪಕ್ಕದ ಮನೆಯವರು ಆಸೆ ಹುಟ್ಟಿಸಿದ್ದರು, ಅದೂ ಬರಲಿಲ್ಲ. ಕೊನೆಗೆ ಡಾಕ್ಟರು ರಿಪೋರ್ಟುಗಳನ್ನೆಲ್ಲ ತಿರುವಿ ಹಾಕಿ, ಡಿ ವಿಟಮಿನ್ ಸ್ವಲ್ಪ ಕಡಿಮೆ ಇದೆ, ಬಿಸಿಲಿನಲ್ಲಿ ಓಡಾಡಿ ಎಂದರು. ಹುಬ್ಬಳ್ಳಿಯ ಬಿಸಿಲಿನಲ್ಲಿ ಇಡೀ ನೌಕರಿ ಬೈಕ್ ಮೇಲೆ ಕಳೆದು, ತಲೆಯ ಕೂದಲನ್ನೂ ಅಲ್ಲೇ ಬಿಟ್ಟು ಬಂದವನಿಗೆ ಬಿಸಿಲು ಸಾಲದು ಎಂದರೆ ಏನು ಹೇಳುವುದು. ಹೂಂ ಎಂದು ಎದ್ದು ಬಂದೆ. ನನ್ನ ದಣಿವು ರಕ್ತ ಪರೀಕ್ಷೆಯಲ್ಲಿ ಸಿಗುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ಅದು ಲೀಡರುಗಳನ್ನು ತಯಾರಿಸಲು ಹೋಗಿ ಬಂದ ದಣಿವು.

ನಮ್ಮದು ಲಿಫ್ಟ್ ಕಂಪನಿ. ಕಟ್ಟಡಗಳಿಗೆ ಲಿಫ್ಟ್ ಕೂಡಿಸುತ್ತೇವೆ, ಕೂಡಿಸಿದ ಮೇಲೆ ಅವುಗಳ ಯೋಗಕ್ಷೇಮ ನೋಡಿಕೊಳ್ಳುತ್ತೇವೆ. ಹೆಡ್ ಆಫೀಸು ಪುಣೆಯಲ್ಲಿ. ಹುಬ್ಬಳ್ಳಿ ಶಾಖೆಗೆ ನಾನು ಮ್ಯಾನೇಜರ್. ನಮ್ಮ ಆಫೀಸು ದೇಶಪಾಂಡೆ ನಗರದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿದೆ, ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಗ್ರಾಹಕರು ಏದುಸಿರು ಬಿಡುತ್ತ ಮೇಲೆ ಬಂದು ಕುರ್ಚಿಯಲ್ಲಿ ಕುಸಿದಾಗ, ಲಿಫ್ಟ್ ಎಷ್ಟು ಅಗತ್ಯ ಎಂದು ನಾವು ಅವರಿಗೆ ಬೇರೆ ಹೇಳಬೇಕಾಗುವುದಿಲ್ಲ. ನನ್ನ ಮೊಣಕಾಲಿಗೆ ಮಾತ್ರ ಈ ವ್ಯಾಪಾರದ ಗುಟ್ಟು ಇವತ್ತಿನವರೆಗೂ ಅರ್ಥವಾಗಿಲ್ಲ.

ಹೀಗೆ ಹತ್ತಿ ಇಳಿದು ನಿವೃತ್ತಿಯ ಹತ್ತಿರ ಬಂದಿದ್ದೆ. ಇನ್ನು ಕೆಲವು ತಿಂಗಳು ಹೇಗೋ ತಳ್ಳಿದರೆ ಮುಗಿಯಿತು ಎನ್ನುವಾಗ ಪುಣೆಯಿಂದ ಎಚ್.ಆರ್. ಮೇಡಂ ವಿಡಿಯೋ ಕಾಲ್ ಮಾಡಿದರು. ಅವರು ಯಾವಾಗಲೂ ನಗುತ್ತಲೇ ಮಾತಾಡುತ್ತಾರೆ. ಅದರಿಂದಾಗಿ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂದು ಕಾಲ್ ಮುಗಿದು ಸ್ವಲ್ಪ ಹೊತ್ತಾದ ಮೇಲೆ ತಿಳಿಯುತ್ತದೆ. ನಿಮ್ಮ ನಂತರ ಯಾರು ಎಂದು ಕೇಳಿದರು. ನೀವು ಯಾರನ್ನು ಕಳಿಸುತ್ತೀರೋ ಅವರು ಎಂದೆ. ಹಾಗಲ್ಲ, ನಿಮ್ಮಲ್ಲಿರುವ ಮಿಲೇನಿಯಲ್ ಉದ್ಯೋಗಿಗಳನ್ನೇ ಲೀಡರುಗಳಾಗಿ ಬೆಳೆಸಬೇಕು, ಅದು ಈ ವರ್ಷ ನಿಮ್ಮ ಜವಾಬ್ದಾರಿ, ಒಬ್ಬರೂ ತಯಾರಾಗದಿದ್ದರೆ ಹುಬ್ಬಳ್ಳಿ ಶಾಖೆಯನ್ನು ಬೆಳಗಾವಿಗೆ ಸೇರಿಸಿಬಿಡುತ್ತೇವೆ ಎಂದರು. ನಗುತ್ತಲೇ ಹೇಳಿದರು.

ಮಿಲೇನಿಯಲ್ ಎಂದರೆ ಯಾರು ಎಂದು ನನಗೆ ಗೊತ್ತಿರಲಿಲ್ಲ. ಅಂಥವರು ನಮ್ಮಲ್ಲಿಲ್ಲ, ಬೇಕಾದರೆ ನೇಮಕ ಮಾಡಿಕೊಳ್ಳೋಣ ಎಂದು ಹೇಳುವವನಿದ್ದೆ, ಸದ್ಯ ಹೇಳಲಿಲ್ಲ. ಮನೆಗೆ ಬಂದು ಹೆಂಡತಿ ಸರೋಜಾಳನ್ನು ಕೇಳಿದೆ. ಅವಳು ಸರಕಾರಿ ಸಾಲೆಯಲ್ಲಿ ಟೀಚರ್, ಇಲಾಖೆಯವರು ವರ್ಷಕ್ಕೆ ಹತ್ತು ತರಬೇತಿ ಕೊಡುತ್ತಾರಾದ್ದರಿಂದ ಇಂಥ ಶಬ್ದಗಳೆಲ್ಲ ಅವಳಿಗೆ ಪರಿಚಯ. "ನಿಮ್ಮ ಆಫೀಸಿನ್ಯಾಗ ನೀವು ಹುಡುಗೂರು ಹುಡುಗೂರು ಅಂತೀರಲ್ಲ, ಅವರ ರೀ," ಎಂದಳು. "ಅವರು ಈಗ ಹುಡುಗೂರಾಗಿ ಉಳಿದಿಲ್ಲ, ಅದು ನಿಮಗಷ್ಟ ಗೊತ್ತಿಲ್ಲ."

ಮರುದಿನ ಆಫೀಸಿಗೆ ಹೋಗಿ ನೋಡಿದೆ. ಅವಳು ಹೇಳಿದ್ದು ಖರೆ. ನಾನು ಹುಡುಗರು ಎನ್ನುತ್ತಿದ್ದವರು ಮೂವರು. ಸರ್ವಿಸ್ ವಿಭಾಗದ ಇರ್ಫಾನನ ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು, ಅವನ ಮಗಳು ಹೈಸ್ಕೂಲು. ಸೇಲ್ಸ್ ನೋಡುವ ಪ್ರವೀಣನಿಗೆ ಕನ್ನಡಕ ಬಂದಿತ್ತು. ಗ್ರಾಹಕರ ಫೋನು, ದೂರು, ಯಾರು ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಸಂಭಾಳಿಸುವ ಶಿಲ್ಪಾ, ನೌಕರಿಗೆ ಸೇರಿದಾಗ ಬಾಗಿಲ ಹಿಂದೆ ನಿಂತು ಮಾತಾಡುತ್ತಿದ್ದವಳು, ಈಗ ಎರಡು ವರ್ಷದ ಮಗನನ್ನು ಬೆಂಗೇರಿಯಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದು, ಒಂದು ಕಿವಿಯಲ್ಲಿ ಬಿಲ್ಡರುಗಳನ್ನೂ ಇನ್ನೊಂದು ಕಿವಿಯಲ್ಲಿ ಮನೆಯನ್ನೂ ಇಟ್ಟುಕೊಂಡಿದ್ದಳು. ಇವರೆಲ್ಲ ಯಾವಾಗ ದೊಡ್ಡವರಾದರು ಎಂದು ನನಗೆ ತಿಳಿದಿರಲಿಲ್ಲ. ನಾನು ಬಹುಶಃ ಫೋನಿನಲ್ಲಿದ್ದೆ.

ನಮ್ಮ ಕಾಲದಲ್ಲಿ ಲೀಡರುಗಳನ್ನು ಬೆಳೆಸುವ ಪದ್ಧತಿ ಇರಲಿಲ್ಲ. ನನ್ನ ಹಿಂದಿನ ಮ್ಯಾನೇಜರ್ ಪಾಟೀಲರು ಒಂದು ಮಧ್ಯಾಹ್ನ ಊಟ ಮಾಡಿ ಕೈ ಒರೆಸಿಕೊಳ್ಳುತ್ತ ನನ್ನ ಟೇಬಲ್ಲಿಗೆ ಬಂದು, ಆಫೀಸಿನ ಕೀಲಿಗಳನ್ನು ಇಟ್ಟು, "ನನಗ ಸೊಲ್ಲಾಪುರಕ್ಕ ಹಾಕ್ಯಾರೋ ಹೊಸಮನಿ, ನೋಡ್ಕೋ," ಎಂದು ಹೋದರು. ನನಗೆ ಸಿಕ್ಕ ತರಬೇತಿ ಅಷ್ಟೇ. ಯಾವ ಕೀಲಿ ಯಾವ ಬೀಗದ್ದು ಎಂದು ತಿಳಿಯಲು ಒಂದು ವಾರ ಬೇಕಾಯಿತು. ಒಂದು ಕೀಲಿ ಯಾವುದಕ್ಕೂ ಹತ್ತಲಿಲ್ಲ, ಅದು ಅವರ ಮನೆಯ ಗೋದ್ರೇಜ್ ಕಪಾಟಿನದಂತೆ, ಅವರ ಹೆಂಡತಿ ಫೋನ್ ಮಾಡಿ ಕೇಳಿದರು. ಇದನ್ನೆಲ್ಲ ಪುಣೆಯ ಮೇಡಂ ಅವರಿಗೆ ಹೇಳಿದೆ. ಅವರು ನಕ್ಕರು. ಬೆಳಗಾವಿಯ ವಿಷಯ ಮಾತ್ರ ಹಾಗೇ ಇತ್ತು.

ಬೆಳಗಾವಿಗೆ ಸೇರಿಸುವುದೆಂದರೆ ಬರೀ ಬೋರ್ಡು ಬದಲಾಯಿಸುವುದಲ್ಲ. ಇರ್ಫಾನ್ ಮತ್ತು ಅವನ ಟೆಕ್ನಿಷಿಯನ್ನರು ಅಲ್ಲಿಂದ ಇಲ್ಲಿಗೆ ಓಡಾಡಬೇಕು. ಶಿಲ್ಪಾಳ ಕೆಲಸವೇ ಇರುವುದಿಲ್ಲ, ಫೋನುಗಳೆಲ್ಲ ಅಲ್ಲಿಗೆ ಹೋಗುತ್ತವೆ. ಹುಬ್ಬಳ್ಳಿಯಲ್ಲಿ ಲಿಫ್ಟಿನೊಳಗೆ ಸಿಕ್ಕಿಕೊಂಡವರು ಬೆಳಗಾವಿಯಿಂದ ಮನುಷ್ಯ ಬರುವತನಕ ಒಳಗೇ ಇರಬೇಕು. ಆಗಲಿ, ಒಬ್ಬರನ್ನಾದರೂ ಲೀಡರ್ ಮಾಡಿಯೇ ಹೋಗೋಣ ಎಂದು ನಿರ್ಧರಿಸಿದೆ.

ಮೊದಲು ಪ್ರವೀಣನನ್ನು ಕೆಳಗಿನ ಚಹಾದಂಗಡಿಗೆ ಕರೆದುಕೊಂಡು ಹೋದೆ. ಮಾತಿನಲ್ಲಿ ಚುರುಕು, ಶರ್ಟಿಗೆ ಇಸ್ತ್ರಿ ಇರುತ್ತದೆ, ಲೀಡರ್ ಎಂದರೆ ನೋಡಲಿಕ್ಕೆ ಹೀಗೇ ಇರಬೇಕು ಎಂದು ನನಗನ್ನಿಸಿತ್ತು. ವಿಷಯ ಹೇಳಿದೆ. ಅವನು ಚಹಾ ಪೂರ್ತಿ ಕುಡಿದು ಮುಗಿಸಿದ.

"ನನಗ ಬ್ಯಾಡ್ರಿ ಸರ್."

"ಯಾಕೋ? ಮ್ಯಾನೇಜರ್ ಆಗ್ತಿ. ಕ್ಯಾಬಿನ್ ಬರ್ತೈತಿ."

"ಶನಿವಾರ ಹೋಗ್ತಾವಲ್ರಿ. ನಾವು ಗೆಳ್ಯಾರು ಶನಿವಾರ ಸೈಕಲ್ ತಗೊಂಡು ದಾಂಡೇಲಿ ಕಡೆ ಹೋಗ್ತೇವ್ರಿ. ನೀವು ಶನಿವಾರ ಮನ್ಯಾಗ ಇದ್ದದ್ದು ನಾ ನೋಡಿಲ್ರಿ."

ಶನಿವಾರ ನಾನು ಮನೆಯಲ್ಲಿ ಇರುತ್ತೇನೋ ಇಲ್ಲವೋ ಎಂದು ನೋಡಲು ಇವನು ನಮ್ಮ ಮನೆಗೆ ಬಂದವನೇ ಅಲ್ಲ. ಆದರೂ ಹೇಳಿದ್ದು ನಿಜವಾಗಿತ್ತು.

ಇರ್ಫಾನನನ್ನು ಕೇಳಿದಾಗ ಅವನು ಒಂದು ಕೇಬಲ್ಲಿನ ತುದಿ ಸುಲಿಯುತ್ತಿದ್ದ. ಅಪ್ಪ, ಕಾಕಾ ಎಲ್ಲ ಗ್ಯಾರೇಜಿನ ಮಂದಿ, ಇವನು ಡಿಪ್ಲೊಮಾ ಮಾಡಿ ಲಿಫ್ಟಿಗೆ ಬಂದವನು. ತಲೆ ಎತ್ತದೆ ನನ್ನ ಮಾತೆಲ್ಲ ಕೇಳಿದ. "ಸರ್, ಖರೇ ಹೇಳಲೇನ್ರಿ? ನಾವು ನಿಮ್ಮನ್ನ ನೋಡೇವ್ರಿ," ಎಂದ. ನನಗೆ ಮೊದಲು ಅದು ಹೊಗಳಿಕೆ ಎನ್ನಿಸಿತು. ನನ್ನನ್ನು ನೋಡಿ ಕಲಿತಿದ್ದಾರೆ ಎಂದುಕೊಂಡೆ. ಅವನು ಮುಂದುವರಿಸಿದ: "ನಿಮ್ಮ ಮಾವನ ಮಗನ ಲಗ್ನದಾಗ ಅಕ್ಕಿಕಾಳು ಕೈಯಾಗ ಹಿಡ್ಕೊಂಡ ಫೋನಿನ್ಯಾಗ ಮಾತಾಡಿದ್ರಿ. ನನಗ ಮಾತಾಡಿದ್ರಿ. ಎಲ್ಲಾರೂ ಅಕ್ಕಿಕಾಳು ಹಾಕಿ ಊಟಕ್ಕ ಹ್ವಾದ್ರೂ ನಿಮ್ಮ ಕೈಯಾಗ ಹಂಗ ಇದ್ದೂವಂತ್ರಿ. ಹಲ್ಲಿನ ಡಾಕ್ಟರ್ ಕಡೆ ಬಾಯಿ ತೆಕ್ಕೊಂಡ ಕುಂತಾಗೂ ಫೋನ್ ಎತ್ತಿದ್ರಿ. ಆ ಆ ಅಂತಿದ್ರಿ, ನಾ ಹೂಂ ಅಂತ ತಿಳ್ಕೊಂಡು ಪಾರ್ಟ್ ಆರ್ಡರ್ ಮಾಡಿಬಿಟ್ನಿ. ಅಂಥಾ ಜೀವನ ನನಗ ಆಗೂದಿಲ್ರಿ."

ಅಲ್ಲಿಗೆ ನನ್ನ ನಾಯಕತ್ವದ ಜೀವನಚರಿತ್ರೆ ಮುಗಿಯಿತು. ಇಷ್ಟು ವರ್ಷ ಹುಡುಗರ ಎದುರು ನಾನು ಒಂದು ಆದರ್ಶವಾಗಿ ಕಾಣುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನನ್ನು ನೋಡಿ, ಹಳ್ಳ ಬಿದ್ದ ರಸ್ತೆಯ ಪಕ್ಕದಲ್ಲಿ ಇಡುವ ಕೆಂಪು ಬೋರ್ಡನ್ನು ನೋಡಿದಂತೆ, ಬೇರೆ ದಾರಿ ಹಿಡಿದಿದ್ದರು.

ಪುಣೆಯವರು ಕೆಲವು ವಿಡಿಯೋಗಳನ್ನು ಕಳಿಸಿದ್ದರು. ಅದರಲ್ಲಿ ಒಬ್ಬರು, ವಾರಕ್ಕೊಮ್ಮೆ ನಿಮ್ಮ ಉದ್ಯೋಗಿಯ ಎದುರು ಕೂತು ಅವರ ಕನಸುಗಳ ಬಗ್ಗೆ ಕೇಳಿ ಎಂದಿದ್ದರು. ಗುರುವಾರ ಶಿಲ್ಪಾಳನ್ನು ಕ್ಯಾಬಿನ್ನಿಗೆ ಕರೆದೆ. ಅವಳು ಯಾವುದೋ ದೊಡ್ಡ ದೂರು ಬಂದಿದೆ ಎಂದುಕೊಂಡು ಡೈರಿ, ಪೆನ್ನು ಹಿಡಿದುಕೊಂಡೇ ಬಂದಳು. ನಾನು ವಿಡಿಯೋದಲ್ಲಿ ತೋರಿಸಿದಂತೆ ಸ್ವಲ್ಪ ಮುಂದಕ್ಕೆ ಬಾಗಿ, "ನಿನ್ನ ಕನಸು ಏನೈತವಾ?" ಎಂದು ಕೇಳಿದೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಸರ್, ನಿದ್ದಿ ಹತ್ತಿದ್ರ ಅಲ್ರೀ ಕನಸು ಬೀಳೂದು. ನನ್ನ ಮಗಾ ಇನ್ನೂ ರಾತ್ರಿ ಏಳ್ತಾನ್ರಿ," ಎಂದಳು. ಆಮೇಲೆ ನನ್ನ ಮುಖದಲ್ಲಿ ಏನು ಕಂಡಳೋ, "ನಿಮಗ ಆರಾಮ ಐತಿಲ್ರಿ ಸರ್?" ಎಂದು ಕೇಳಿ, ಹೊರಗೆ ಹೋಗಿ ನನಗೊಂದು ಚಹಾ ಹೇಳಿ ಕಳಿಸಿದಳು.

ಹೀಗೆ ಮೂವರನ್ನೂ ಒಂದೊಂದೇ ಸಲ ಬೆಳೆಸಲು ಹೋಗಿ ಸೋತ ಮೇಲೆ, ಒಟ್ಟಿಗೆ ಬೆಳೆಸುವುದೊಂದೇ ದಾರಿ ಉಳಿದಿತ್ತು. ಪುಣೆಯವರು ಬೆಂಗಳೂರಿನಿಂದ ಒಬ್ಬ ಟ್ರೇನರನ್ನು ಗೊತ್ತು ಮಾಡಿದರು. ಧಾರವಾಡದ ಒಂದು ಹೋಟೆಲಿನ ಹಾಲ್, ಒಂದು ಇಡೀ ದಿನ, ಊಟ ಚಹಾ ಸಮೇತ. ಬೇರೆ ಕಂಪನಿಗಳ ಮಂದಿಯೂ ಬರುವವರಿದ್ದರು. ನಮ್ಮ ಮೂವರೂ ಬರಲೇಬೇಕು ಎಂದು ನಾನು ಹೇಳಿದೆ. ಇರ್ಫಾನ್, "ಎಲ್ಲಾರೂ ಧಾರವಾಡಕ್ಕ ಹ್ವಾದ್ರ ಇಲ್ಲಿ ಲಿಫ್ಟ್ ಯಾರು ನೋಡ್ತಾರ್ರಿ?" ಎಂದ. ಟೆಕ್ನಿಷಿಯನ್ನರು ಇಬ್ಬರೂ ಅವತ್ತು ಗದಗಿನಲ್ಲಿ ಹೊಸ ಲಿಫ್ಟ್ ಕೂಡಿಸುವ ಕೆಲಸದಲ್ಲಿದ್ದರು. ಒಂದು ದಿನದಲ್ಲಿ ಏನಾಗುತ್ತದೆ, ಬಾ ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಲೀಡರ್‌ಶಿಪ್ ಇತ್ತು.

ಆ ದಿನ ಬೆಳಗ್ಗೆ ಹೋಟೆಲಿನ ಎದುರು ಪ್ರವೀಣ ಬಂದ, ಶಿಲ್ಪಾ ಬಂದಳು. ಇರ್ಫಾನ್ ಬರಲಿಲ್ಲ. ಎಲ್ಲಿ ಎಂದು ಕೇಳಿದೆ. "ಹುಬ್ಬಳ್ಳ್ಯಾಗ ಅದಾನ್ರಿ," ಎಂದಳು ಶಿಲ್ಪಾ.

"ಯಾರು ಹೇಳಿದ್ರು ಅಲ್ಲೇ ಇರು ಅಂತ?"

"ನಾನ ಹೇಳೇನ್ರಿ."

"ನನ್ನ ಒಂದು ಮಾತು ಕೇಳಬೇಕಿತ್ತಿಲ್ಲೋ?"

"ಕೇಳಿದ್ರ ಬ್ಯಾಡ ಅಂತಿದ್ರಿ ಸರ್."

ಸಿಟ್ಟು ಬಂತು. ಆದರೆ ಹಾಲಿನ ಬಾಗಿಲಲ್ಲಿ ಟ್ರೇನರು ಎರಡೂ ಕೈ ಚಾಚಿಕೊಂಡು ಸ್ವಾಗತಿಸುತ್ತ ನಿಂತಿದ್ದರು, ಸಿಟ್ಟು ಮಾಡಲು ಅನುಕೂಲವಿರಲಿಲ್ಲ. ಅವರು ಬಹಳ ಉತ್ಸಾಹದ ಮನುಷ್ಯ. ನಮ್ಮ ಮೊಬೈಲುಗಳನ್ನೆಲ್ಲ ಒಂದು ಬೆತ್ತದ ಬುಟ್ಟಿಯಲ್ಲಿ ಹಾಕಿಸಿಕೊಂಡರು. "ಈ ದಿನ ನಿಮ್ಮದು, ಮೊಬೈಲಿಂದಲ್ಲ," ಎಂದರು. ನನ್ನ ಫೋನು ಬುಟ್ಟಿಗೆ ಬಿದ್ದಾಗ ಮೈಯಿಂದ ಏನೋ ಕಿತ್ತುಕೊಂಡಂತಾಯಿತು. ನಂತರ ನಮ್ಮನ್ನು ಗುಂಪು ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿ, ಹಗ್ಗ ಹಿಡಿದು ಚೌಕ ಮಾಡಿ ಎಂದರು. ನಾವು ಮಾಡಿದ್ದು ಯಾವ ಆಕಾರ ಎಂದು ಅವರಿಗೂ ಹೇಳಲು ಬರಲಿಲ್ಲ. ಆದರೆ ತುಂಬ ಚೆನ್ನಾಗಿತ್ತು ಎಂದರು. ಎಲ್ಲದಕ್ಕೂ ಅವರು ತುಂಬ ಚೆನ್ನಾಗಿತ್ತು ಎನ್ನುತ್ತಿದ್ದರು. ನನ್ನ ಸರ್ವಿಸಿನಲ್ಲಿ ಒಟ್ಟಾರೆ ಅಷ್ಟು ಸಲ ನಾನು ಆ ಮಾತು ಕೇಳಿರಲಿಲ್ಲ.

ಹನ್ನೊಂದರ ಚಹಾ ಬರುವ ಹೊತ್ತಿಗೆ ಬುಟ್ಟಿ ನಡುಗಲು ಶುರುವಾಯಿತು. ಬೆತ್ತದ ಬುಟ್ಟಿಯಾದ್ದರಿಂದ ಒಳಗೆ ಯಾವುದೋ ಪ್ರಾಣಿ ಇದ್ದಂತೆ ಸದ್ದು. ಟ್ರೇನರು ಅದನ್ನು ನಗುತ್ತ ಮೂಲೆಗೆ ಸರಿಸಿದರು. ಅದು ಮೂಲೆಯಲ್ಲೂ ನಡುಗಿತು. ಶಿಲ್ಪಾ ಎದ್ದು, ಯಾರನ್ನೂ ಕೇಳದೆ ಬುಟ್ಟಿಯಲ್ಲಿ ಕೈ ಹಾಕಿ ತನ್ನ ಫೋನು ತೆಗೆದು ಕಿವಿಗೆ ಇಟ್ಟುಕೊಂಡಳು. ಅವಳ ಮುಖ ನೋಡಿ ನಾನೂ ಎದ್ದೆ.

ಬೆಂಗೇರಿ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಅವತ್ತು ಏಳು ತಿಂಗಳ ಗರ್ಭಿಣಿಯೊಬ್ಬಳ ಕುಬಸ, ಅಂದರೆ ಸೀಮಂತದ ಕಾರ್ಯಕ್ರಮ. ಸೀರೆ ಉಟ್ಟು, ಹೂವು ಮುಡಿದು, ಕೈತುಂಬ ಹಸಿರು ಬಳೆ ಹಾಕಿಕೊಂಡು ಆ ಹುಡುಗಿ ತಾಯಿ ಮತ್ತು ಅತ್ತೆಯ ಜೊತೆ ಮನೆಯಿಂದ ಕೆಳಗಿನ ಹಾಲಿಗೆ ಹೊರಟಿದ್ದಾಳೆ. ಲಿಫ್ಟ್ ಮೂರನೆಯ ಮತ್ತು ಎರಡನೆಯ ಮಹಡಿಯ ನಡುವೆ ನಿಂತುಬಿಟ್ಟಿದೆ. ದೀಪ ಇದೆ, ಫ್ಯಾನ್ ಇಲ್ಲ. ಹುಡುಗಿ ಬೆವರುತ್ತಿದ್ದಾಳೆ, ಉಸಿರು ಕಟ್ಟಿದಂತಾಗುತ್ತಿದೆ ಎನ್ನುತ್ತಿದ್ದಾಳೆ. ಹೊರಗೆ ಸೊಸೈಟಿಯ ಸೆಕ್ರೆಟರಿ ಯಾರನ್ನೋ ಕರೆಸಿ ಕಬ್ಬಿಣದ ಸಲಾಕೆಯಿಂದ ಬಾಗಿಲು ಎಬ್ಬಿಸಲು ಹೊರಟಿದ್ದಾರೆ. ಲಿಫ್ಟಿನ ಕೆಲಸದಲ್ಲಿ ನಾವು ಎಲ್ಲಕ್ಕಿಂತ ಹೆದರುವುದು ಇದಕ್ಕೇ. ಬಾಗಿಲು ಎಬ್ಬಿಸಿದ ಜಾಗದಿಂದ ಹೊರಗೆ ಜಿಗಿಯಲು ಹೋಗಿ ಲಿಫ್ಟ್ ಓಡಾಡುವ ಬಾವಿಯಂಥ ಗುಂಡಿಗೆ ಬಿದ್ದವರ ಕತೆಗಳನ್ನು ನಾವು ಬಹಳ ಕೇಳಿದ್ದೇವೆ.

ಶಿಲ್ಪಾ ಪ್ರವೀಣನಿಗೆ, "ನೀ ಸೆಕ್ರೆಟರಿಗೆ ಮಾತಾಡು. ಬಾಗಲಕ್ಕ ಯಾರೂ ಕೈ ಹಚ್ಚಬಾರ್ದು. ಏನ್ ಬೇಕಾದ್ದು ಹೇಳು, ಫೋನ್ ಮಾತ್ರ ಇಡಬ್ಯಾಡ," ಎಂದಳು. ಇರ್ಫಾನನಿಗೆ ಫೋನ್ ಮಾಡಿ ಜಾಗ ಹೇಳಿದಳು, ಅವನು ಆಫೀಸಿನ ಮೆಟ್ಟಿಲು ಇಳಿಯುತ್ತಲೇ ಕೇಳಿಸಿಕೊಂಡ. ಆಮೇಲೆ, ಫೋನ್ ಮಾಡಿದ್ದ ಮನೆಯವರು ಕೊಟ್ಟ ನಂಬರಿಗೆ ಹಚ್ಚಿ, ಲಿಫ್ಟಿನೊಳಗಿದ್ದ ಹುಡುಗಿಯ ಜೊತೆ ಮಾತಾಡತೊಡಗಿದಳು.

ನಾನು ಏನು ಮಾಡಿದೆ ಎಂದರೆ, ಬುಟ್ಟಿಯಿಂದ ನನ್ನ ಫೋನು ತೆಗೆದುಕೊಂಡು ಎಲ್ಲರಿಗೂ ಮಾಡತೊಡಗಿದೆ. ಇರ್ಫಾನನಿಗೆ ಮಾಡಿ ಎಲ್ಲಿದ್ದೀ ಎಂದು ಕೇಳಿದೆ. ಸೆಕ್ರೆಟರಿಗೆ ಮಾಡಿದೆ, ಎಂಗೇಜ್ ಇತ್ತು. ಮತ್ತೆ ಇರ್ಫಾನನಿಗೆ ಮಾಡಿ ಯಾವ ರಸ್ತೆಯಲ್ಲಿ ಹೋಗುತ್ತೀ ಎಂದು ಕೇಳಿದೆ. ಗದಗಿಗೆ ಮಾಡಿದೆ, ಅಲ್ಲಿಯವರು ಏನು ಮಾಡಬಲ್ಲರೋ ದೇವರಿಗೇ ಗೊತ್ತು. ಮತ್ತೆ ಇರ್ಫಾನ್. ಹಾಲಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತ, ಗಟ್ಟಿ ದನಿಯಲ್ಲಿ, ನನ್ನ ನೌಕರಿಯಲ್ಲಿ ನಾನು ಯಾವಾಗಲೂ ಮಾಡುತ್ತಿದ್ದುದನ್ನೇ ಮಾಡಿದೆ. ಟ್ರೇನರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು.

ಶಿಲ್ಪಾ ಫೋನಿನ ಮೇಲೆ ಕೈ ಮುಚ್ಚಿಕೊಂಡು ನನ್ನ ಹತ್ತಿರ ಬಂದಳು. ದನಿ ಏರಿಸಲಿಲ್ಲ. "ಸರ್, ಇರ್ಫಾನ್ ಗಾಡಿ ಮ್ಯಾಲೆ ಅದಾನ್ರಿ. ನೀವು ಫೋನ್ ಮಾಡಿದಾಗೊಮ್ಮೆ ಗಾಡಿ ನಿಂದರಿಸಿ ಎತ್ತಾಕತ್ತಾನ. ಹಿಂಗಾದ್ರ ಅಂವಾ ಮುಟ್ಟೂದಿಲ್ರಿ. ನೀವು ಫೋನ್ ಬಂದ್ ಮಾಡಿ ಅಲ್ಲಿ ಕೂಡ್ರಿ."

ಅವಳು ತೋರಿಸಿದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ನಾನು ಹೋಗಿ ಕೂತೆ. ಫೋನು ಬಂದ್ ಮಾಡಿದೆ. ಬಂದ್ ಮಾಡುವುದು ಹೇಗೆಂದು ಮರೆತುಹೋಗಿತ್ತು, ಯಾವ ಗುಂಡಿ ಒತ್ತಿದರೂ ಅದು ಬೇರೇನನ್ನೋ ಕೇಳುತ್ತಿತ್ತು. ಕೊನೆಗೆ ಪರದೆ ಕಪ್ಪಾಯಿತು. ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಯಾರೋ ಚಹಾದ ಜೊತೆ ಪೇಡೆ ತಂದುಕೊಟ್ಟರು, ಅದನ್ನು ಹಿಡಿದುಕೊಂಡು ಕೂತೆ. ಆ ಹುಡುಗಿಗೆ ಏನಾದರೂ ಆದರೆ ಎಂಬುದಷ್ಟೇ ತಲೆಯಲ್ಲಿತ್ತು. ಬೆಳಗಾವಿ, ಪುಣೆ ಯಾವುದೂ ನೆನಪಿಗೆ ಬರಲಿಲ್ಲ.

ಶಿಲ್ಪಾ ಮಾತಾಡುವುದು ಕೇಳುತ್ತಿತ್ತು. ಮೊದಲು ಆ ಹುಡುಗಿಯನ್ನು ಕೆಳಗೆ ಕೂರಿಸಿದಳು, ಕಾಲು ಚಾಚಲು ಹೇಳಿದಳು. ಲಿಫ್ಟಿನೊಳಗೆ ಗಾಳಿ ಬರಲು ದಾರಿ ಇರುತ್ತದೆ, ಉಸಿರಿಗೆ ಏನೂ ಆಗುವುದಿಲ್ಲ ಎಂದು ತಿಳಿಸಿದಳು. "ನಾನೂ ಕೂಸಿನ ತಾಯಿನ ಅದೇನಿ. ನನಗೂ ಏಳರಾಗ ಹಿಂಗ ಎದಿ ಡವಡವ ಅಂತಿತ್ತು. ನನ್ನ ಜೋಡಿ ಮಾತಾಡ್ರಿ. ಕುಬಸಕ್ಕ ಎಷ್ಟು ನಮೂನಿ ಅನ್ನ ಮಾಡಿಸೀರಿ?" ಎಂದು ಕೇಳಿದಳು. ಫೋನು ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ಮೊದಲು ಸಣ್ಣ ದನಿಯಲ್ಲಿ ಐದು ಎಂದು ಬಂತು. ಅತ್ತೆಯ ದನಿ, ಆರು ಎಂದಿತು. ತಾಯಿ, ಮೊಸರನ್ನವನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೇನು ಎಂದು ಕೇಳಿದಳು. ನಮ್ಮ ಕಡೆ ಹಿಡಿಯುತ್ತೇವೆ ಎಂದಳು ಅತ್ತೆ. ಅಲ್ಲಿಂದ ಮುಂದೆ ಇಬ್ಬರು ಬೀಗತಿಯರೂ ಮೊಸರನ್ನದ ವಿಷಯವಾಗಿ ಎಷ್ಟು ಜೋರಾಗಿ ಮಾತಾಡತೊಡಗಿದರೆಂದರೆ, ಗರ್ಭಿಣಿ ಹುಡುಗಿ ನಡುವೆ ನಕ್ಕಿದ್ದು ನಮ್ಮ ಹಾಲಿಗೆಲ್ಲ ಕೇಳಿಸಿತು.

ಅಷ್ಟರಲ್ಲಿ ಇರ್ಫಾನ್ ಮುಟ್ಟಿದ್ದ. ಮೇಲಿನ ಮಷಿನ್ ರೂಮಿಗೆ ಹೋಗಿ ಕರೆಂಟು ತೆಗೆದು, ಕೈಯಿಂದಲೇ ಲಿಫ್ಟನ್ನು ಮೆಲ್ಲಗೆ ಎರಡನೆಯ ಮಹಡಿಗೆ ಇಳಿಸಿ, ತನ್ನ ಕೀಲಿಯಿಂದ ಬಾಗಿಲು ತೆರೆದ. ಫೋನಿನಲ್ಲಿ ಒಂದು ಗದ್ದಲ, ಬಳೆಗಳ ಸದ್ದು, ಯಾರೋ ಅತ್ತದ್ದು. ಆಮೇಲೆ ಇರ್ಫಾನನ ದನಿ: "ಹೊರಗ ಬಂದ್ರು. ಆರಾಮ ಅದಾರ. ಡಾಕ್ಟರ್‌ಗೆ ತೋರಸ್ಕೊಂಡ ಬರ್ತಾರಂತ, ನಾ ಅವರ ಹಿಂದ ಹೊಂಟೇನಿ." ಡಾಕ್ಟರು ನೋಡಿ ತಾಯಿ ಕೂಸು ಇಬ್ಬರೂ ಚೆನ್ನಾಗಿದ್ದಾರೆ ಎಂದರು ಎಂಬ ಸುದ್ದಿ ಊಟದ ಹೊತ್ತಿಗೆ ಬಂತು. ಅಲ್ಲಿಯತನಕ ಶಿಲ್ಪಾ ತಾಟಿಗೆ ಕೈ ಹಚ್ಚಲಿಲ್ಲ. ಸುದ್ದಿ ಬಂದ ಮೇಲೆ ಬಾತ್‌ರೂಮಿಗೆ ಹೋಗಿ, ಕಣ್ಣು ಕೆಂಪು ಮಾಡಿಕೊಂಡು ಬಂದು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ನಾನು ನನ್ನ ಕೈಯಲ್ಲಿ ಮೆತ್ತಗಾಗಿ ಹೋಗಿದ್ದ ಪೇಡೆಯನ್ನು ಆಗ ತಿಂದೆ.

ಸಂಜೆ ಟ್ರೇನರು ಎಲ್ಲರಿಗೂ ಲೀಡರ್‌ಶಿಪ್ ಸರ್ಟಿಫಿಕೇಟು ಕೊಟ್ಟರು. ನನಗೂ ಸಿಕ್ಕಿತು. ಇರ್ಫಾನನಿಗೆ ಸಿಗಲಿಲ್ಲ, ಅವನು ಗೈರುಹಾಜರಾಗಿದ್ದ.

ಕೆಲವು ದಿನಗಳ ನಂತರ ಮೂವರೂ ಒಟ್ಟಿಗೆ ನನ್ನ ಕ್ಯಾಬಿನ್ನಿಗೆ ಬಂದರು. ಶಿಲ್ಪಾ ನಡುವಿನ ಕುರ್ಚಿಯಲ್ಲಿ ಕೂತಳು. ಮ್ಯಾನೇಜರ್ ಕೆಲಸ ತಾನು ಮಾಡುತ್ತೇನೆ ಎಂದಳು. ಬೆಳಗಾವಿಗೆ ಕೊಟ್ಟರೆ ಆ ಹುಡುಗಿಯಂಥವರು ಗಂಟೆಗಟ್ಟಲೆ ಒಳಗೇ ಇರಬೇಕಾಗುತ್ತದೆ, ಅದು ತನಗೆ ನಿದ್ದೆ ಕೊಡುತ್ತಿಲ್ಲ ಎಂದಳು. ಆದರೆ ನಿಮ್ಮ ಹಾಗೆ ಮಾಡುವುದಿಲ್ಲ ಎಂದೂ ಹೇಳಿದಳು. ಆಫೀಸು ಮುಗಿದ ಮೇಲೆ ತುರ್ತು ಫೋನು ಒಂದು ವಾರ ಒಬ್ಬರ ಹತ್ತಿರ. ಇರ್ಫಾನನ ಮಂದಿ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಕೆಲಸ ಹಂಚಿಕೊಳ್ಳುತ್ತಾರೆ, ಪ್ರತಿಯೊಂದಕ್ಕೂ ಮ್ಯಾನೇಜರನ್ನು ಕೇಳುವಂತಿಲ್ಲ. ಅವಳ ಮಗನಿಗೆ ಜ್ವರ ಬಂದ ದಿನ ಪ್ರವೀಣ ಆಫೀಸು ನೋಡಿಕೊಳ್ಳುತ್ತಾನೆ, ಅದಕ್ಕೆ ಬದಲಾಗಿ ಅವನ ಶನಿವಾರ ಅವನಿಗೆ.

ಎಲ್ಲ ಕೇಳಿ ನನಗೆ ತಡೆಯಲಾಗಲಿಲ್ಲ. "ಹಂಗಾದ್ರ ಮ್ಯಾನೇಜರ್ ಏನ್ ಮಾಡ್ತಾನವಾ?" ಎಂದು ಕೇಳಿದೆ.

"ಅದನ್ನ ನಾವೂ ನಿಮ್ಮನ್ನ ಕೇಳಬೇಕಂತ ಮಾಡಿದ್ವಿರಿ," ಎಂದ ಇರ್ಫಾನ್. ತಮಾಷೆಗೆ ಹೇಳಿದಂತೆ ಕಾಣಲಿಲ್ಲ. ಮೂವರೂ ಉತ್ತರಕ್ಕಾಗಿ ಕಾಯುತ್ತಿದ್ದರು. ನಾನು ಪುಣೆಗೆ ಫೋನ್ ಹಚ್ಚಿದೆ.

ಪುಣೆಯವರು ಎಲ್ಲದಕ್ಕೂ ಒಪ್ಪಿದರು. ಅಷ್ಟೇ ಅಲ್ಲ, ಎಲ್ಲ ಶಾಖೆಗಳ ಪೈಕಿ ಹುಬ್ಬಳ್ಳಿಯಲ್ಲಿ ಮಾತ್ರ ಒಬ್ಬ ಲೀಡರು ಸಮಯಕ್ಕೆ ಸರಿಯಾಗಿ ತಯಾರಾಗಿದ್ದಾರೆ, ನೀವು ಹೇಗೆ ಬೆಳೆಸಿದಿರಿ ಎಂದು ಉಳಿದ ಮ್ಯಾನೇಜರುಗಳಿಗೆ ವಿಡಿಯೋದಲ್ಲಿ ತಿಳಿಸಬೇಕು ಎಂದರು. ಏನು ಹೇಳುವುದೆಂದು ಹೊಳೆಯದೆ ಶಿಲ್ಪಾಳನ್ನೇ ಕೇಳಿದೆ. ಅವಳು ನಿಜವಾಗಿಯೂ ಯೋಚಿಸಿದಳು. "ಅವತ್ತ ನೀವು ಫೋನ್ ಬಂದ್ ಮಾಡಿ ಕುಂತ್ರಲ್ರಿ ಸರ್, ಅದನ್ನ ಹೇಳ್ರಿ. ನಾ ಅಂದಿದ್ದಕ್ಕ ಬೈತೀರಿ ಅಂತ ಮಾಡಿದ್ನಿ. ನೀವು ಸುಮ್ಮನ ಹೋಗಿ ಕುಂತ್ರಿ. ಅದು ಎಲ್ಲಾರಿಗೂ ಆಗೂದಿಲ್ರಿ," ಎಂದಳು. ಅವಳ ಮುಖದಲ್ಲಿ ವ್ಯಂಗ್ಯ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಸ್ವಲ್ಪ ಸುಲಭವಾಗುತ್ತಿತ್ತು.

ವಿಡಿಯೋದಲ್ಲಿ ನಾನು ಮೊದಲು ತಾಳ್ಮೆ, ವಿಶ್ವಾಸ, ದೂರದೃಷ್ಟಿ ಎಂದೆಲ್ಲ ಮಾತಾಡಿದೆ. ಸಣ್ಣ ಸಣ್ಣ ಚೌಕಗಳಲ್ಲಿ ನನ್ನಂಥವೇ ದಣಿದ ಮುಖಗಳು ಆಕಳಿಸುತ್ತಿದ್ದವು. ಕೊನೆಗೆ ಬೇಸತ್ತು ಅವಳು ಹೇಳಿದ್ದನ್ನೇ ಹೇಳಿಬಿಟ್ಟೆ: ಫೋನ್ ಬಂದ್ ಮಾಡಿ ಕುರ್ಚಿಯಲ್ಲಿ ಕೂತೆ ಎಂದು. ಪುಣೆಯ ಮೇಡಂ ಇದನ್ನು ಎಷ್ಟು ಮೆಚ್ಚಿಕೊಂಡರೆಂದರೆ, ನಿವೃತ್ತಿಯಾದ ಮೇಲೆ ನೀವು ಬೆಳಗಾವಿ, ವಿಜಯಪುರ, ಕಲಬುರಗಿ ಶಾಖೆಗಳಿಗೆ ಹೋಗಿ ಅಲ್ಲಿನ ಮ್ಯಾನೇಜರುಗಳಿಗೆ ಸುಮ್ಮನೆ ಕೂಡುವುದನ್ನು ಕಲಿಸಬೇಕು, ಒಂದೊಂದು ಕಡೆ ಎರಡೆರಡು ದಿನದ ಶಿಬಿರ ಎಂದರು. ಆಗುವುದಿಲ್ಲ, ಮೈಯಲ್ಲಿ ಕಸುವಿಲ್ಲ ಎಂದು ಹೇಳಬೇಕಿತ್ತು. ಅವರು ಮಾತು ಮುಗಿಸುವ ಮೊದಲೇ ಒಪ್ಪಿಕೊಂಡೆ.

ಸರೋಜಾ ಕೇಳಿ, "ಮೊದಲ ಮನ್ಯಾಗ ಒಂದು ದಿನ ಕುಂತು ತೋರಿಸ್ರಿ, ನಾನೂ ನೋಡ್ತೇನಿ," ಎಂದಳು. ಕೂಡುತ್ತೇನೆ. ಸದ್ಯಕ್ಕೆ ಪುರುಸೊತ್ತಿಲ್ಲ. ಸುಮ್ಮನೆ ಕೂಡುವುದು ಹೇಗೆ ಎಂಬುದರ ಮೇಲೆ ಎರಡು ದಿನಕ್ಕಾಗುವಷ್ಟು ಸ್ಲೈಡು ಮಾಡಬೇಕಾಗಿದೆ. ಬೆಳಗ್ಗೆಯಿಂದ ಬೆಳಗಾವಿಯವರಿಗೆ ನಾಲ್ಕು ಸಲ ಫೋನ್ ಮಾಡಿ, ಅಲ್ಲಿ ಕುರ್ಚಿಗಳು ಹೇಗಿವೆ ಎಂದು ವಿಚಾರಿಸಿದ್ದೇನೆ.